ಕರಪತ್ರದಲ್ಲಿ ಇಲ್ಲದ ಹೆಸರು

ಬ್ರಹ್ಮಾವರ
12 ಮೇ 2009

ಪ್ರೀತಿಯ ಮಗಳು ವಿನಯಾಗೆ,

ಅಮ್ಮನ ಆಶೀರ್ವಾದಗಳು. ಮುಂಬಯಿಯಲ್ಲಿ ನೀನೂ ವಿಲ್ಸನ್ನೂ ಸೌಖ್ಯವೆಂದು ನಂಬಿದ್ದೇನೆ. ಏಳು ತಿಂಗಳ ಬಸುರಿಯನ್ನು ಒಂದು ಉತ್ತರಕ್ಕಾಗಿ ಇಷ್ಟು ದಿನ ಕಾಯಿಸಿದೆ, ತಪ್ಪಾಯಿತು. ಫೋನಿನಲ್ಲಿ ಹೇಳೋಣವೆಂದರೆ ಅದರ ಸುತ್ತ ಯಾವಾಗಲೂ ನಾಲ್ಕು ಜನ ಕಾರ್ಯಕರ್ತರು ಕೂತಿರುತ್ತಾರೆ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳಿಗೆ ಮಗಳಿಗೊಂದು ಕಾಗದ ಬರೆಯಲು ಇಷ್ಟು ಕಷ್ಟವಾಗಬಾರದಿತ್ತು.

ನಮ್ಮ ಬೈಂದೂರು ಶಿವಮೊಗ್ಗ ಕ್ಷೇತ್ರಕ್ಕೆ ಸೇರಿಹೋದದ್ದು ನಿನಗೆ ಗೊತ್ತೇ ಇದೆ. ತೊಂಬತ್ತೆಂಟರಿಂದ ಮೂರು ಸಲ ನಿನ್ನ ಅಪ್ಪಯ್ಯನನ್ನು ಗೆಲ್ಲಿಸಿದ ಊರು ಈ ಸಲ ಅವರ ಪಾಲಿಗಿಲ್ಲ. ಅದಕ್ಕೇ ಪಕ್ಕದ ಕ್ಷೇತ್ರದಲ್ಲಿ ನಿಂತದ್ದು, ಅದಕ್ಕೇ ಈ ಬಾಡಿಗೆ ಮನೆ. ಸಾಮಾನು ಲಾರಿಗೆ ಹಾಕುವಾಗ ಮೀನಿನ ಜಲಜ ಬುಟ್ಟಿ ಇಳಿಸಿ, "ಹ್ವಾಯ್ ಎಂಪಿಯವ್ರೆ, ಮೂರ್ ಸಲ ನಮ್ ವೋಟ್ ಬೇಕಿತ್ತ್, ಈಗ ನಮ್ಮನ್ ಬಿಟ್ಟಿಕ್ ಹೋತ್ರಿಯಾ?" ಎಂದಳು. ಲೋಕಸಭೆಯಲ್ಲಿ ಗುಡುಗುವ ಮನುಷ್ಯ ಲಾರಿಯ ಹಗ್ಗ ಬಿಗಿಯತೊಡಗಿದರು.

ಮತದಾನ ಮುಗಿದು ಹನ್ನೆರಡು ದಿನವಾಯಿತು. ಎಣಿಕೆ ಹದಿನಾರಕ್ಕೆ. "ಕುಂದಾಪ್ರ ನಮ್ದೇ, ಘಟ್ಟದ್ ಮೇಲಿಂದ್ ಎಂತ ಆತ್ತೋ" ಎಂದು ಅಪ್ಪಯ್ಯ ತಮ್ಮಷ್ಟಕ್ಕೇ ಹೇಳುತ್ತ ಅಂಗಳ ಸುತ್ತುತ್ತಾರೆ. ನನ್ನ ಭಯ ಬೇರೆಯೇ. ಸೋತರೆ ಇಡೀ ದಿನ ಮನೆಯಲ್ಲಿ ಕೂತು ನನಗೇ ಅಡಿಗೆ ಕಲಿಸಲು ಬಂದಾರು!

ಇನ್ನು ನಿನ್ನ ಪ್ರಶ್ನೆ. ವೋಟು ಹಾಕಿ ಮುಂಬಯಿಗೆ ಮರಳಿದ ಯಾರೋ ನಿನಗೆ ಅಪ್ಪಯ್ಯನ ಕರಪತ್ರ ಕೊಟ್ಟರಂತೆ. ಅದರಲ್ಲಿ 'ಪತ್ನಿ ಪ್ರಭಾವತಿ, ಮಗ ಯೋಗೀಶ್' ಎಂದಷ್ಟೇ ಇದೆ, ಮೊದಲಿನ ಮೂರೂ ಸಲ ಮಗಳೆಂದು ನನ್ನ ಹೆಸರೂ ಇತ್ತು, ಅಪ್ಪಯ್ಯನೇ ಅದನ್ನು ಹೊಡೆದುಹಾಕಿದ್ದಾದರೆ ಹೆರಿಗೆಗೆ ಆ ಮನೆಗೆ ಕಾಲಿಡುವುದಿಲ್ಲ ಎಂದು ಬರೆದಿದ್ದೀಯ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದಿಲ್ಲವೆಂದರೆ ಯಾವ ತಾಯಿಗೆ ನಿದ್ದೆ ಬಂದೀತು ಹೇಳು.

ನಿನ್ನ ಸಿಟ್ಟು ಸಹಜವೇ. ಜಾತಿ ಧರ್ಮ ಬಿಟ್ಟು ಮದುವೆಯಾಗುವ ಹೆಣ್ಣುಮಕ್ಕಳ ಬಗ್ಗೆ ಅವರು ವೇದಿಕೆಯಲ್ಲಿ ಆಡುತ್ತಿದ್ದ ಮಾತು ನನಗೂ ಚುಚ್ಚುತ್ತಿತ್ತು. ನಿನ್ನ ಮದುವೆಯ ನಂತರ ಆ ಭಾಷಣ ನಿಂತಿತು. ಆದರೆ ಜನ ಮರೆಯಬೇಕಲ್ಲ! ಈ ಸಲದ ಮೊದಲ ಸಭೆ ಸಾಸ್ತಾನದಲ್ಲಿ. ಒಬ್ಬ ಎದ್ದು ನಿಂತು, "ನಿಮ್ ಅಳಿಯ ಯಾವ್ ಇಗರ್ಜಿಗ್ ಹೋತ್ರ್?" ಎಂದು ವಿಲ್ಸನ್ನನ ಚರ್ಚನ್ನು ಎಳೆತಂದು ಕೂಗಿದ. ಸಭೆಗೆ ಸಭೆಯೇ ನಕ್ಕಿತು. ಅಪ್ಪಯ್ಯ ಕನ್ನಡಕ ಒರೆಸಿಕೊಂಡು, "ನಂಗೆ ಅಳಿಯ ಇದ್ದ. ಬೇರೆ ಎಂತ ಕೇಂಬುದ್ ಇತ್ತ್?" ಎಂದು ಅಳಿಯನಿರುವುದನ್ನು ಎಲ್ಲರೆದುರೇ ಒಪ್ಪಿಕೊಂಡರು. ಮುಂದಿನ ಸಾಲಿನಲ್ಲಿ ಕೂತಿದ್ದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಎಣಿಕೆ ಮುಗಿಯಲಿ. ಗೆದ್ದರೂ ಸೋತರೂ ನೀನು ಬಾ, ಉಳಿದದ್ದನ್ನು ಎದುರಿಗೇ ಮಾತಾಡೋಣ. ಬಾಣಂತಿಗೆ ಬೇಕಾದ ಔಷಧಿ ಸಾಮಾನೆಲ್ಲ ತರಿಸಿಟ್ಟಿದ್ದೇನೆ. ವಿಲ್ಸನ್ನನಿಗೂ ನನ್ನ ಆಶೀರ್ವಾದ ಹೇಳು. ಹೊಟ್ಟೆಯೊಳಗಿನ ಕೂಸು ಸುಖವಾಗಿ ಈ ಲೋಕ ಕಾಣಲಿ.

ಇಂತಿ ನಿನ್ನ ಅಮ್ಮ,
ಪ್ರಭಾವತಿ

ಮ.ವಿ.: ಲಕೋಟೆ ಅಂಟಿಸಲು ಹೋದೆ, ಕೈ ಬರಲಿಲ್ಲ. ಪ್ರತಿ ಚುನಾವಣೆಯಲ್ಲೂ ಕರಪತ್ರದ ಕರಡು ತಿದ್ದುವವಳು ನಾನೇ ಅಲ್ಲವೇ? ಅಪ್ಪಯ್ಯ ಬರೆದುಕೊಟ್ಟದ್ದರಲ್ಲಿ ನಿನ್ನ ಹೆಸರಿತ್ತು. ಸಾಸ್ತಾನದಲ್ಲಿ ಜನ ನಕ್ಕ ಮರುದಿನ ಅದನ್ನು ಹೊಡೆದವಳು ನಾನು. ಅಚ್ಚಾಗಿ ಬಂದದ್ದನ್ನು ನೋಡಿ ಅವರು, "ನನ್ ಹೆಣ್ಣಿನ್ ಹೆಸ್ರ್ ಎಲ್ ಹೋಯ್ತ್?" ಎಂದು ಪ್ರೆಸ್ಸಿನ ಚಂದ್ರನನ್ನು ಬಾಯಿಗೆ ಬಂದಂತೆ ಬೈದರು. ಚಂದ್ರ ನನ್ನ ಮುಖ ನೋಡಿ, "ಕಣ್ ತಪ್ಪಿ ಹೋಯ್ತ್" ಎಂದ. ನಾನು ಪಕ್ಕದಲ್ಲೇ ನಿಂತು ಕರಪತ್ರ ಎಣಿಸುತ್ತಿದ್ದೆ. ಅಪ್ಪಯ್ಯನಿಗೆ ಇವತ್ತಿಗೂ ಗೊತ್ತಿಲ್ಲ. ನೀನು ಬರದಿದ್ದರೆ ತಮ್ಮ ಹಳೆಯ ಭಾಷಣಗಳಿಂದಲೇ ಬರಲಿಲ್ಲ ಎಂದುಕೊಳ್ಳುತ್ತಾರೆ. ನನ್ನ ಕೈಯ ಬಾಣಂತನ ಬೇಡವೆಂದರೆ ಬೇರೆ ಯಾರನ್ನಾದರೂ ಗೊತ್ತುಮಾಡುತ್ತೇನೆ ಮಗಳೇ, ನೀನು ಅಪ್ಪಯ್ಯನ ಮನೆಗೆ ಬಾ.