ಗಂಜಿ ಹಾಕಿದ ಲಂಗೋಟಿ ಕೇಕು

ಅಕ್ಕಾ,

ಗೀತಾಳನ್ನು ಬಾಣಂತನಕ್ಕೆ ನನ್ನ ಮನೆಗೆ ಕಳಿಸುವ ವಿಷಯ ಇನ್ನೂ ತೀರ್ಮಾನವಾಗಿಲ್ಲ. ನಿನ್ನೆ ಸಂಜೆ ಸ್ಕೂಟರಿನಲ್ಲಿ ಬಂದು ಇದನ್ನು ತಿಳಿಸಿದವರು ಭಾವ. ನಿನ್ನ ಮಗಳ ಸೀಮಂತ ಮೊನ್ನೆ ವಿಜಯನಗರದಲ್ಲಿ, ಅವಳ ಅತ್ತೆಯ ಮನೆಯಲ್ಲಿ ಆಯಿತು. ಅಂದೇ ಅವಳನ್ನು ಕರೆದುಕೊಂಡು ರಾಜಾಜಿನಗರಕ್ಕೆ ಬರುವುದೆಂದು ಹೋಗಿದ್ದೆ. ಒಬ್ಬಳೇ ವಾಪಸು ಬಂದೆ. ತಪ್ಪು ನನ್ನದು. ಸ್ವಲ್ಪ ನಿನ್ನದೂ ಹೌದು.

ಹೋದ ತಿಂಗಳು ಗೀತಾ ಆಫೀಸಿನಿಂದ ನೇರ ನನ್ನಲ್ಲಿಗೆ ಬಂದು, ಬ್ಯಾಗಿನಿಂದ ಒಂದು ಬಣ್ಣದ ಹಾಳೆ ತೆಗೆದಳು. ಯಾವುದೋ ಹೊರದೇಶದ ಪತ್ರಿಕೆಯಿಂದ ಕತ್ತರಿಸಿದ್ದು. ಮೂರು ಅಂತಸ್ತಿನ ಕೇಕಿನ ಚಿತ್ರ. ಹತ್ತಿರ ಹಿಡಿದು ನೋಡಿದರೆ ಕೇಕಲ್ಲ. ಮಗುವಿನ ನ್ಯಾಪಿಗಳನ್ನು ಸುರುಳಿ ಸುತ್ತಿ, ಒತ್ತಾಗಿ ನಿಲ್ಲಿಸಿ, ಸುತ್ತಲೂ ರಿಬ್ಬನ್ ಕಟ್ಟಿದ್ದರು. ಅಲ್ಲಿ ಬಸುರಿಗೆ ಅದನ್ನು ಉಡುಗೊರೆ ಕೊಡುತ್ತಾರಂತೆ.

"ಚಿಕ್ಕಮ್ಮ, ಸೀಮಂತಕ್ಕೆ ನಂಗೆ ಸೀರೆ ಬೇಡ. ಇದು ಮಾಡ್ಕೊಡು."

"ಅದು ಕಾಗದದ ನ್ಯಾಪಿ ಕಣೇ, ಒಂದ್ಸಲ ಕಟ್ಟಿ ಬಿಸಾಕೋದು. ಇಲ್ಲೆಲ್ಲಿ ಸಿಗುತ್ತೆ?"

"ಬಟ್ಟೇಲಿ ಮಾಡು. ಎಲ್ರಿಗೂ ತವರಿಂದ ಬಳೆ, ಸೀರೆ ಬರುತ್ತೆ. ನಂಗೆ ಇದು ಬರ್ಲಿ."

ತವರು ಎಂದಳು. ಭಾವನ ಮನೆಯಲ್ಲಿ ಹೆಂಗಸರಿಲ್ಲ, ನೀನು ಹೋಗಿ ನಾಲ್ಕು ವರ್ಷವಾಯಿತು. ಅವಳಿಗೆ ಉಳಿದಿರುವ ತವರು ಎಂದರೆ ಮದುವೆಯಾಗದ ಈ ಚಿಕ್ಕಮ್ಮ. ಆಗುವುದಿಲ್ಲ ಎಂದು ಹೇಗೆ ಹೇಳಲಿ?

ಹುಟ್ಟುವ ಮೊದಲು ಮಗುವಿಗೆ ಹೊಸ ಬಟ್ಟೆ ತರಬಾರದು ಎಂಬುದು ನನಗೂ ಗೊತ್ತು. ಅದಕ್ಕೇ ಭಾವನ ಹಳೆಯ ಮಲ್ ಪಂಚೆಗಳನ್ನು ಕೇಳಿ ತಂದು ನಲವತ್ತೆಂಟು ಚೌಕ ಕತ್ತರಿಸಿದೆ. ಎರಡು ಭಾನುವಾರ ಅದಕ್ಕೇ ಹೋಯಿತು. ಒಗೆದು ಒಗೆದು ಬೆಣ್ಣೆಯಾದ ಬಟ್ಟೆ, ಸುರುಳಿ ನಿಲ್ಲುವುದೇ ಇಲ್ಲ. ನಡುವೆ ಹಾಲಿನ ಪುಡಿಯ ಡಬ್ಬ ಇಟ್ಟೆ. ಡಬ್ಬ ನಿಂತಿತು, ಕೇಕು ಕೂತಿತು. ದಾರ ಬಿಗಿದರೆ ಮೇಲೂ ಕೆಳಗೂ ಉಬ್ಬಿ ಡಮರುವಾಯಿತು. ಮೂರನೆಯ ಸಲ ಬಿದ್ದಾಗ ಎಲ್ಲವನ್ನೂ ಎತ್ತಿ ಮೂಲೆಗೆ ಎಸೆದೆ. ಆಮೇಲೆ ಅಪ್ಪನ ಪಂಚೆ ನೆನಪಾಯಿತು. ಅವಕ್ಕೆ ಗಂಜಿ ಹಾಕುವ ಕೆಲಸ ನನ್ನದೇ ಆಗಿತ್ತಲ್ಲ? ಅನ್ನದ ಗಂಜಿಯಲ್ಲಿ ನಲವತ್ತೆಂಟನ್ನೂ ಅದ್ದಿ, ಒಣಗಿಸಿ, ಇಸ್ತ್ರಿ ಮಾಡಿದೆ. ಒಂದೊಂದು ಸುರುಳಿಯೂ ಕಂಬದಂತೆ ನಿಂತಿತು. ಅಂದು ನಾನು ಪಟ್ಟ ಹೆಮ್ಮೆ ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಸೀಮಂತದ ಮನೆಯಲ್ಲಿ ಹೆಂಗಸರೆಲ್ಲ ಕೇಕಿನ ಸುತ್ತ ಸೇರಿದರು. ಗೀತಾಳ ಮುಖ ನೋಡಬೇಕಿತ್ತು ನೀನು. ಅವಳ ಅತ್ತೆ ಒಂದು ಸುರುಳಿ ಎಳೆದು ಬಿಚ್ಚಿದರು. ಬಟ್ಟೆ ಚರಚರ ಎಂದಿತು. ಅದನ್ನು ತಮ್ಮ ಕೆನ್ನೆಗೆ ಉಜ್ಜಿ ನೋಡಿದರು.

"ಗಂಜಿ ಹಾಕಿದೀರಾ?"

"ನಿಲ್ಲಲಿ ಅಂತ..."

"ಎಳೆ ಮಗೂಗೆ ಇದನ್ನ ಕಟ್ಟಿದ್ರೆ ತೊಡೆ ಸಂದಿ ಏನಾಗ್ಬೇಡ?"

ಅವರ ತಂಗಿ ಪಕ್ಕದಿಂದ, "ಬಿಡಕ್ಕ, ಮಗು ಇವರ ಥರಾನೇ ಗರಿಗರಿಯಾಗಿ ಆಫೀಸಿಗೆ ಹೋಗುತ್ತೆ" ಎಂದರು. ಎಲ್ಲರೂ ನಕ್ಕರು. ಗೀತಾಳೂ ನಕ್ಕಳು, ನನ್ನನ್ನು ನೋಡಿ ನಿಲ್ಲಿಸಿದಳು. ಒಗೆದು ಕೊಡುತ್ತೇನೆ ಎಂದೆ.

"ಒಗೆಯೋದು ಆಮೇಲಿನ ಮಾತು, ಸುಮಿತ್ರಮ್ಮ. ತಪ್ಪು ತಿಳ್ಕೋಬೇಡಿ. ಮಗು ಸಾಕಿದ ಕೈ ಇದನ್ನ ಮಾಡಲ್ಲ. ಬಾಣಂತೀನ ಹೇಗೆ ನಿಮ್ಮ ಹತ್ರ ಬಿಡ್ಲಿ?"

ಅವರು ಹೇಳಿದ್ದು ನಿಜ.

ಗೀತಾ ಹುಟ್ಟಿದಾಗ ನೀನು ಮೂರು ತಿಂಗಳು ನಮ್ಮ ಮನೆಯಲ್ಲೇ ಇದ್ದೆ. ಮಗುವಿಗೆ ನೀರು ಹಾಕುವ ಹೊತ್ತಿಗೆ ನಾನು ಬಚ್ಚಲ ಬಾಗಿಲಿಗೆ ಬಂದರೆ ನೀನು, "ನಿಂಗ್ಯಾಕೆ ಇದೆಲ್ಲ, ಟೈಪಿಂಗ್ ಕ್ಲಾಸಿಗೆ ಹೊತ್ತಾಯ್ತು, ಹೋಗು" ಎನ್ನುತ್ತಿದ್ದೆ. ಪ್ರೀತಿಯಿಂದಲೇ ಅಂದದ್ದು, ಒಪ್ಪುತ್ತೇನೆ. ಆದರೆ ಆಸ್ಪತ್ರೆಯಲ್ಲಿ ಆ ಕೊನೆಯ ವಾರ ನನ್ನ ಕೈ ಹಿಡಿದು, "ಅವಳ ಬಾಣಂತನ ನೀನೇ ಮಾಡ್ಬೇಕು" ಎಂದೆಯಲ್ಲ, ಆಗಲಾದರೂ ಹೇಗೆ ಮಾಡುವುದು ಎಂದು ಒಂದು ಮಾತು... ನಾನು ಹೂಂ ಎಂದೆ. ಏನನ್ನು ಒಪ್ಪಿಕೊಳ್ಳುತ್ತಿದ್ದೇನೆ ಎಂದು ಆಗ ನನಗೆ ಗೊತ್ತಿತ್ತೇ? ನಿನಗಾದರೂ ಗೊತ್ತಿತ್ತಲ್ಲ?

ನಿನ್ನೆ ಭಾವ ಕೇಕನ್ನು ಒಂದು ಚೀಲದಲ್ಲಿ ತುಂಬಿ ವಾಪಸು ತಂದಿದ್ದರು. "ಅವರು ಆಗಲ್ಲ ಅಂದಿಲ್ಲಮ್ಮ" ಎಂದರು. ನಾನು ಹೊರಟ ಮೇಲೆ ಗೀತಾ ಅತ್ತೆಗೆ, "ಚಿಕ್ಕಮ್ಮಂಗೆ ಗೊತ್ತಿಲ್ದಿದ್ರೆ ನೀವೇ ಹೇಳ್ಕೊಡಿ. ನಾನು ಹೋಗೋದು ಅಲ್ಲಿಗೇ" ಎಂದಳಂತೆ. ಅವರು ಮೊದಲು ಮನೆ ನೋಡಬೇಕು ಎಂದರಂತೆ. ಮನೆ ನೋಡಿದರೆ ಏನು ತಿಳಿಯುತ್ತದೆ? ಗೋಡೆ ಮಗುವಿಗೆ ನೀರು ಹಾಕುತ್ತದೆಯೇ?

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ರಂಗಮ್ಮನವರ ಮುಂದೆ ಎಲ್ಲ ಹೇಳಿಕೊಂಡೆ. ಅವರು ನಾಲ್ಕು ಮಕ್ಕಳನ್ನು ಸಾಕಿದವರು. ಈಗ ಮಗಳ ಬಾಣಂತನ ಮಾಡುತ್ತಿದ್ದಾರೆ. ನನ್ನನ್ನು ಬಚ್ಚಲಲ್ಲಿ ಕಾಲು ನೀಡಿ ಕೂರಿಸಿ, ಮೂರು ತಿಂಗಳ ಮೊಮ್ಮಗಳನ್ನು ನನ್ನ ಕಾಲ ಮೇಲೆ ಮಲಗಿಸಿದರು. ಎಣ್ಣೆಯ ಮೈ ಜಾರಿತು, ಸೋಪು ಕಣ್ಣಿಗೆ ಹೋಯಿತು, ಬೀದಿಗೆಲ್ಲ ಕೇಳುವಂತೆ ಅತ್ತಳು.

"ಮಗೂನ ಫೈಲ್ ಹಿಡಿದ ಹಾಗೆ ಹಿಡೀತೀರಲ್ರೀ" ಎಂದರು ರಂಗಮ್ಮ. "ಕತ್ತಿನ ಹಿಂದೆ ಕೈ ಕೊಡಿ. ನಾಳೆ ಬನ್ನಿ, ನಾಡಿದ್ದೂ ಬನ್ನಿ."

ಹೋಗುತ್ತೇನೆ. ನಲವತ್ತೆಂಟು ಚೌಕಗಳನ್ನೂ ನಾಲ್ಕು ನೀರಿನಲ್ಲಿ ಹಿಂಡಿ ಹರವಿದ್ದೇನೆ. ಡಾಕ್ಟರು ಹೇಳಿದಂತೆ ಹೆರಿಗೆಗೆ ಇನ್ನು ಎಂಟು ವಾರ. ಗೀತಾಳ ಅತ್ತೆ ಒಪ್ಪುತ್ತಾರೋ ಇಲ್ಲವೋ ತಿಳಿಯುವ ಮೊದಲೇ ಮೂರು ತಿಂಗಳ ರಜೆಗೆ ಅರ್ಜಿ ಕೊಟ್ಟಿದ್ದೇನೆ.

ಗೀತಾಳ ಅತ್ತೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬರುತ್ತಾರೆ. ರಂಗಮ್ಮ ಒಂಬತ್ತೂವರೆಗೆ ಮೊಮ್ಮಗಳನ್ನು ಕರೆತರುತ್ತಾರೆ. ಅತ್ತೆಯ ಎದುರಿಗೆ ನಾನು ಆ ಮಗುವಿಗೆ ನೀರು ಹಾಕುತ್ತೇನೆ.