ಲೊರ್ನಾ ಬರೆದ ಕೋಟೆಗಳು

೧೪ ಜೂನ್ ೧೯೬೧, ಕಾರ್ಕಳ
ಎಂಟನೇ ತರಗತಿಗೆ ಮತ್ತೆ ಕೋಟೆಯ ಪಾಠ. ಅಕ್ಕ ಲೊರ್ನಾಳ ಪತ್ರವನ್ನೇ ಓದಿ ಹೇಳಿದೆ — ಇಂಗ್ಲೆಂಡಿನ ಶ್ರಾಪ್‌ಶೈರ್, ವೇಲ್ಸ್ ಗಡಿ, ಎಂಟುನೂರು ವರ್ಷದ ಗೋಡೆಗಳು. ಆಕೆ ಅಲ್ಲಿ ನರ್ಸ್. ರಜೆಯ ದಿನ ಒಂದೊಂದು ಕೋಟೆ ನೋಡಿ ನನಗೆ ಬರೆಯುತ್ತಾಳೆ. ಲಡ್ಲೋ ಕೋಟೆಯೊಳಗೆ ದುಂಡಗಿನ ಇಗರ್ಜಿ ಉಂಟಂತೆ, ಮಾಡು ಇಲ್ಲ. ನಡುವೆ ನಿಂತು ‘ನಮಾನ್ ಮೊರಿಯೆ’ ಪ್ರಾರ್ಥನೆ ಹೇಳಿದಳಂತೆ... ತನ್ನ ಬಗ್ಗೆ ಒಂದು ಸಾಲೂ ಇಲ್ಲ.

೨೦ ಆಗಸ್ಟ್, ಭಾನುವಾರ
ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದೆವು. ನಿನ್ನೆ ಬಂದ ಅಕ್ಕನ ಪತ್ರ, ನೀಲಿ ಏರೋಗ್ರಾಮ್, ಮೇಜಿನ ಮೇಲಿತ್ತು.
“ಎಂತ ಬರೆದಿದ್ದಾಳೆ?” ಇವರು ಕೇಳಿದರು.
“ಕೋಟೆ.”
“ಬೇರೆ ಎಂತದೂ ಇಲ್ವಾ?”
“ಇಲ್ಲ.”
ಇವರು, ಸಿರಿಲ್, ಮೊದಲು ಅಕ್ಕನಿಗೆ ನಿಶ್ಚಯವಾಗಿದ್ದ ಹುಡುಗ. ಆಕೆ ಮಂಗಳೂರಿನಲ್ಲಿ ಟ್ರೈನಿಂಗ್‌ನಲ್ಲಿದ್ದಾಗ ನಾನು... ಬರೆಯುವುದು ಬೇಡ. ನಮ್ಮ ಮದುವೆಯಾಗಿ ಏಳು ವರ್ಷ.
ಇವತ್ತು ಪತ್ರದಲ್ಲಿ ಕೇಳಿಯೇ ಬಿಟ್ಟೆ — ನನ್ನ ಮೇಲೆ ಇನ್ನೂ ಸಿಟ್ಟು ಉಂಟಾ?

೩ ಅಕ್ಟೋಬರ್
ಉತ್ತರ ಬಂತು. “ಝೀಟಾ, ಸಿಟ್ಟು ಇಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಕೋಟೆಯ ವಿಷಯ ಕೇಳು, ಬರೆಯುತ್ತೇನೆ. ಸದ್ಯಕ್ಕೆ ನನ್ನಿಂದ ಆಗುವುದು ಅಷ್ಟೇ.”
ಸ್ಟಾಫ್ ರೂಮಿನಲ್ಲಿ ನಾಲ್ಕು ಸಲ ಓದಿದೆ. ಕೂಡಲೇ ಬರೆದೆ — ಕ್ಲನ್ ಕೋಟೆ ನೋಡಿದ್ದೀಯಾ? ನದಿ ಅದನ್ನು ಹೇಗೆ ಸುತ್ತಿಕೊಂಡಿದೆ? ನಿಜಕ್ಕೂ ತಿಳಿಯಬೇಕಾದ್ದು ಏನೂ ಇರಲಿಲ್ಲ. ಆಕೆ ಬರೆಯುತ್ತಿರಲಿ ಅಂತ.

೧೬ ಡಿಸೆಂಬರ್
ಹತ್ತು ದಿನದ ಹಿಂದೆ ತಂತಿ ಬಂತು, ಅಕ್ಕ ತೀರಿಕೊಂಡಳು ಅಂತ. ನ್ಯುಮೋನಿಯಾ. ಮಣ್ಣು ಅಲ್ಲೇ ಆಯಿತು.
ಇವತ್ತು ಆಕೆಯ ಆಸ್ಪತ್ರೆಯ ಮೇಟ್ರನ್ ಪತ್ರ. ನವೆಂಬರ್ ಕೊನೆಗೆ ಕ್ಲನ್‌ಗೆ ಹೋಗಿದ್ದಳಂತೆ. ವಾಪಸು ಬಸ್ ಸಿಗದೆ ಮೈಲುಗಟ್ಟಲೆ ಮಳೆಯಲ್ಲಿ ನಡೆದಳಂತೆ. ಈ ಚಳಿಯಲ್ಲಿ ಯಾಕೆ ಹೋದೆ ಅಂತ ಬೈದರೆ, ತಂಗಿ ಕೇಳಿದ್ದಾಳೆ ಅಂದಳಂತೆ.
ನಾನು ಕೇಳಿದ್ದು.

೧೭ ಡಿಸೆಂಬರ್
ಇವರಿಗೆ ಎಲ್ಲ ಹೇಳಿದೆ. ಅಡುಗೆಮನೆಯ ಹೊಸ್ತಿಲಲ್ಲೇ ಕೂತರು.
“ನಿನ್ನದಲ್ಲ ಝೀಟಾ. ಮಾತು ಮುರಿದವನು ನಾನು. ಒಂದು ಕಾಗದ ಸಹ ಬರೆಯಲಿಲ್ಲ ಲೊರ್ನಾಳಿಗೆ.”
ಮದುವೆಯಾದ ಮೇಲೆ ಆಕೆಯ ಹೆಸರು ಇವರ ಬಾಯಲ್ಲಿ ಬಂದದ್ದು ಇದೇ ಮೊದಲು. ಜೋರಾಗಿ ಅತ್ತರು. ನನಗೆ ಹೊಟ್ಟೆಕಿಚ್ಚಾಗಬೇಕಿತ್ತು — ಆಗಲಿಲ್ಲ. ಗಂಜಿ ಉಕ್ಕುತ್ತಿತ್ತು. ಇಳಿಸದೆ ಹೋಗಿ ಪಕ್ಕದಲ್ಲಿ ಕೂತೆ.
“ನಿನ್ನನ್ನು ಕ್ಷಮಿಸಿದಳಾ ಅವಳು?”
“ನಾನು ಕೇಳಿದೆ ಅಂತ ಅಷ್ಟು ದೂರ ಹೋದಳಲ್ಲ,” ಅಂದೆ. ಇವರು ನನ್ನ ಕೈ ಹಿಡಿದುಕೊಂಡರು. ನನಗೆ ಇನ್ನೂ ಏನೋ ಹೇಳಲಿಕ್ಕಿತ್ತು. ಆಕೆ ಇದ್ದಿದ್ದರೆ ನಾನು ಇನ್ನು ಕೋಟೆಯ ವಿಷಯ ಕೇಳುತ್ತಿರಲಿಲ್ಲ, ನೀನು ಹೇಗಿದ್ದೀ ಅಂತ ಕೇಳುತ್ತಿದ್ದೆ.