ಹಸಿವಾದೀತೆಂದು ಸುಮ್ಮನಿದ್ದವಳು

ಸಿಂದಗಿ
ಮೇ ೧೯೭೪

ಪ್ರೀತಿಯ ತಂಗಿ ಶೇವಂತಿಗೆ,

ನಿನ್ನ ಮಗಳು ರೇವಿ ಕ್ಷೇಮ. ಈಗಷ್ಟೇ ಉಂಡು ನನ್ನ ಮಗ್ಗುಲಲ್ಲಿ ಕೂತಿದ್ದಾಳೆ.

ಹೋದ ವಾರ ಅವಳನ್ನು ಇಲ್ಲಿ ಬಿಟ್ಟು ನಿಮ್ಮೂರು ಹೊರ್ತಿಗೆ ಹೊರಟಾಗ ನೀನು ಅಂದ ಮಾತು ನನ್ನನ್ನು ಇನ್ನೂ ಚುಚ್ಚುತ್ತಿದೆ. "ಅಕ್ಕಾ, ಈಕಿ ತಲಿ ಬರೋಬ್ಬರಿ ಇಲ್ಲಂತ ಅವರು ಅಂತಾರ. ಜೂನದಾಗ ಸಾಲಿಗಿ ಹಾಕೂದೋ, ಆಡು ಕಾಯಾಕ ಹಚ್ಚೂದೋ, ನೀನ ನೋಡಿ ಹೇಳು." ನಿನ್ನ ಗಂಡ ಚಂದಪ್ಪ ಒಳ್ಳೆಯವನೇ. ಆದರೂ ಆರು ವರ್ಷದ ಕೂಸಿನ ತಲೆಯ ತೀರ್ಪು ಇಷ್ಟು ಬೇಗ ಕೊಟ್ಟನಲ್ಲ ಎಂದು ಸಿಟ್ಟು ಬಂತು.

ಸುಳ್ಳೇಕೆ, ಮೊದಮೊದಲು ನನಗೂ ಅಂಜಿಕೆಯಾಯಿತು. ರೇವಿ ಕೂರಿಸಿದಲ್ಲಿ ಕೂರುವಳು. ಕರೆದರೆ ನೋಡುವಳು, ಉತ್ತರವಿಲ್ಲ. ನಮ್ಮ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಹೆಂಗಸರು ಕಲ್ಲನ್ನೂ ಮಾತಾಡಿಸುವಂಥವರು. ಅವರಲ್ಲೊಬ್ಬಳು ರಾಜಬಿ ಹಿಟ್ಟಿನ ಗುಬ್ಬಿ ಮಾಡಿಕೊಟ್ಟಳು. ಅದನ್ನು ಹಿಡಿದುಕೊಂಡೂ ಸುಮ್ಮನೇ ಇದ್ದಳು.

ಒಂದು ಮಧ್ಯಾಹ್ನ ಬಿಸಿ ರೊಟ್ಟಿ, ಹೆಸರುಬೇಳೆ ಹೊಟ್ಟೆ ತುಂಬ ಉಂಡ ಮೇಲೆ ನನ್ನ ಸೆರಗು ಜಗ್ಗಿದಳು. "ದೊಡವ್ವ, ಇಲ್ಲಿ ಮಾತಾಡಿದ್ರ ಹಸಿವು ಆಗಂಗಿಲ್ಲೇನು?"

ನನಗೆ ಅರ್ಥವಾಗಲಿಲ್ಲ. ರಮಿಸಿ ಕೇಳಿದಾಗ ಒಂದೊಂದಾಗಿ ಹೇಳಿದಳು. ನೀನು ನಸುಕಿಗೆ ಕೂಲಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೆ ನಿನ್ನ ಅತ್ತೆ ಶಂಕ್ರೆವ್ವ, "ಆಡಿದ್ರ, ಮಾತಾಡಿದ್ರ ಹಸಿವು ಹೆಚ್ಚಾಗತೈತಿ, ಸುಮ್ಮ ಮಲಕೋ" ಎಂದು ಚಾಪೆ ಹಾಸುತ್ತಾಳಂತೆ. ಆ ಮುದುಕಿಯನ್ನು ಬೈಯಬೇಡ. ತನ್ನ ಪಾಲಿನ ರೊಟ್ಟಿಯನ್ನೂ ಮೊಮ್ಮಗಳಿಗೆ ಕೊಟ್ಟೇ ಹಾಗಂದಿರುತ್ತಾಳೆ. ನಮ್ಮವ್ವನೂ ಹೀಗೇ ಹೇಳುತ್ತಿದ್ದಳಲ್ಲ. ನೀನು ಯಾರ ಮಾತೂ ಕೇಳದೆ ಹರಟುತ್ತಲೇ ಇದ್ದೆ, ಅದಕ್ಕೇ ಉಳಿದುಕೊಂಡೆ. ಪಾಪ, ರೇವಿ ಗುಣವಂತೆ, ಹೇಳಿದ್ದನ್ನು ಕೇಳಿದಳು.

ನಾನು ನಾಲ್ಕನೆಯ ಇಯತ್ತೆ ಓದಿದವಳು, ಡಾಕ್ಟರಲ್ಲ. ಆದರೆ ಹೊಟ್ಟೆಯಂತೆ ತಲೆಗೂ ಉಣಿಸಬೇಕೆಂಬುದು ಈಗ ಖಾತ್ರಿಯಾಗಿದೆ. ಅರೆಹೊಟ್ಟೆಯಲ್ಲಿ ಮಲಗಿಸಿದ ಮಗು, ಯಾರೂ ಮಾತಾಡಿಸದ ಮಗು, ಏನನ್ನು ಕಲಿತೀತು? ಬಡತನ ನಿನ್ನ ತಪ್ಪಲ್ಲ ಶೇವಂತಿ. ಶೇಂಗಾ, ಬೆಲ್ಲ ನನ್ನಿಂದಾದಷ್ಟು ಕಳಿಸುತ್ತೇನೆ. ಬೀಸುವಾಗ, ರೊಟ್ಟಿ ಬಡಿಯುವಾಗ ನೀನು ಅವಳೊಂದಿಗೆ ಹರಟು. ಜೂನಿನಲ್ಲಿ ಶಾಲೆಗೆ ಹಾಕು. ಅಲ್ಲಿ ಮಧ್ಯಾಹ್ನ ಉಪ್ಪಿಟ್ಟಾದರೂ ಸಿಗುತ್ತದೆ, ಮಾತಾಡಲು ಮಕ್ಕಳೂ ಸಿಗುತ್ತಾರೆ.

ಈಗ ಅವಳು ದಿನವಿಡೀ ವಟಗುಟ್ಟುತ್ತಾಳೆ. ಅದಕ್ಕೇ ನಿನ್ನೆ ಆಸೆಯಿಂದ ಕೇಳಿದೆ, "ಇಲ್ಲೇ ಇದ್ದುಬಿಡ್ತಿಯೇನು?" ಅವಳು ಅಂದಳು:

"ಇಲ್ಲ ದೊಡವ್ವ, ಊರಿಗಿ ಹೋಗ್ತೇನಿ. ತೊಟ್ಟಿಲದಾಗ ನಮ್ಮ ತಮ್ಮ ಸುಮ್ಮ ಮಲಗಿರ್ತಾನ. ಅವನ್ನ ಎಬ್ಬಿಸಿ ಮಾತಾಡಸಬೇಕು."

ಚಂದಪ್ಪನಿಗೆ ಮಗಳ ಈ ಮಾತಿಷ್ಟನ್ನೇ ಹೇಳು.

ನಿನ್ನ ಮನೆಯಲ್ಲಿ ಮಕ್ಕಳ ಗದ್ದಲ ಹೆಚ್ಚಲಿ ಎಂದು ಹರಸುವ,
ನಿನ್ನ ಅಕ್ಕ
ಇಂದ್ರಾಬಾಯಿ